ಕಡುಪು ಅಂದರೆ ಹೊಟ್ಟೆ

ರಾಯದುರ್ಗದ ಕಡೆ ‘ರಕ್ತ ಕಮ್ಮಿ’ ಅಂದರೆ ಯಾರೂ ಹೆದರುವುದಿಲ್ಲ. ಮೈಬಣ್ಣ ಹೇಳಿದ ಹಾಗೆ ಹೇಳಿಬಿಡುತ್ತಾರೆ. ಹುಡುಗಿ ಎತ್ತರ ಇದ್ದಾಳೆ, ಮೂಗು ಚೆನ್ನಾಗಿದೆ, ರಕ್ತ ಸ್ವಲ್ಪ ಕಮ್ಮಿ, ಅಷ್ಟೇ. ಹೆಣ್ಣು ನೋಡಲು ಬಂದವರೂ ತಲೆಯಾಡಿಸಿ, ಮದುವೆಯಾದ ಮೇಲೆ ಸರಿಹೋಗುತ್ತದೆ ಎನ್ನುತ್ತಾರೆ. ಮದುವೆಯಿಂದ ರಕ್ತ ಏರಿದ್ದನ್ನು ನಾನಂತೂ ಈ ಕಣ್ಣಿಂದ ಕಂಡಿಲ್ಲ.

ಸರ್ಕಾರಿ ಡಾಕ್ಟರಾಗಿ ನನ್ನ ಮೊದಲರ್ಧ ಮಡಕಶಿರಾದ ಕಡೆ ಕಳೆಯಿತು, ಉಳಿದರ್ಧ ರಾಯದುರ್ಗದ ಕಡೆ. ಈಗ ನಿವೃತ್ತಿ. ಇಷ್ಟು ದಿನ ಊರಿಗೆಲ್ಲ ಮಾತ್ರೆ ನುಂಗಿಸಿದವಳಿಗೆ ಈಗ ನುಂಗುವ ಸರದಿ ಬಂದಿದೆ, ಅದೂ ತಪ್ಪಿಸಿಕೊಂಡು ಮಗಳ ಕೈಲಿ ಬೈಸಿಕೊಳ್ಳುತ್ತೇನೆ. ಮೊನ್ನೆ ಹೊಸದಾಗಿ ಡ್ಯೂಟಿಗೆ ಸೇರಿದ ಡಾಕ್ಟರ್ ಹುಡುಗಿಯೊಬ್ಬಳು ಮನೆಗೆ ಬಂದು, “ಮೇಡಂ, ಎಷ್ಟು ಐರನ್ ಮಾತ್ರೆ ಕೊಟ್ಟರೂ ಕೆಲವರಿಗೆ ರಕ್ತ ಏರೋದೇ ಇಲ್ಲ, ಏನು ಮಾಡೋದು?” ಎಂದು ಕೇಳಿದಳು. “ಮೊದಲು ಅವರನ್ನ ಬೈಯೋದು ನಿಲ್ಲಿಸು” ಅಂದೆ. ಅವಳಿಗೆ ನಗು ಬಂತು. ನನಗೆ ಬರಲಿಲ್ಲ, ಯಾಕೆಂದರೆ ನನಗೆ ಪಾರ್ವತಿಯ ನೆನಪಾಗಿತ್ತು. ಆ ಡಾಕ್ಟರ್ ಹುಡುಗಿಗೆ ಅರ್ಧ ಹೇಳಿ, ಅವಳ ಬಸ್ಸಿನ ಹೊತ್ತಾಯಿತೆಂದು ನಿಲ್ಲಿಸಿದೆ. ಉಳಿದರ್ಧವೂ ಸೇರಿ ಇಲ್ಲಿ ಬರೆಯುತ್ತಿದ್ದೇನೆ.

ಪಾರ್ವತಿ ರಾಯದುರ್ಗದ ಒಂದು ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಕೆಲಸಕ್ಕಿದ್ದ ಹುಡುಗಿ. ಹೊಲಿದು ಬಂದ ಪ್ಯಾಂಟಿನಲ್ಲಿ ಅಲ್ಲಲ್ಲಿ ಉಳಿದ ದಾರದ ಬಾಲಗಳನ್ನು ಕತ್ತರಿಸಿ ಚೊಕ್ಕ ಮಾಡುವ ಕೆಲಸ. ಮೊದಲ ಸಲ ಅವಳನ್ನು ನನ್ನ ಹತ್ತಿರ ಕರೆತಂದವಳು ತಾಯಿ ಹನುಮಕ್ಕ. ಹುಡುಗಿ ಸುಣ್ಣ ಬಳಿದ ಗೋಡೆಯಂತಿದ್ದಳು. ಕಣ್ಣಿನ ರೆಪ್ಪೆ ಎಳೆದು ನೋಡಿದರೆ ಕೆಂಪಿನ ಸುಳಿವೇ ಇಲ್ಲ. ಜಂತುಹುಳುವಿಗೆ ಮಾತ್ರೆ, ಐರನ್ ಮಾತ್ರೆ, ಬೆಲ್ಲ, ಸೊಪ್ಪು, ಹೀಗೆ ನಮ್ಮ ಮಾಮೂಲಿ ಪಾಠ ಒಪ್ಪಿಸಿ ಕಳಿಸಿದೆ. ಮತ್ತೆ ಬಂದಳು, ಹಾಗೇ ಇದ್ದಳು. ಇನ್ನೊಮ್ಮೆ ಬಂದಾಗ ಮೊದಲಿಗಿಂತ ಬಿಳಿಚಿದ್ದಳು.

“ಗುಳಿಗಿ ತಪ್ಪದಂಗ ನುಂಗ್ತಾಳ್ರಿ ಅಮ್ಮಾರ. ನಾನ ಮುಂದ ನಿಂತು ನುಂಗಸ್ತೀನ್ರಿ” ಅಂದಳು ಹನುಮಕ್ಕ. ನಾನು ಕೇಳುವುದಕ್ಕೆ ಮೊದಲೇ ಆಣೆ ಇಡುವವಳ ಹಾಗೆ ಕೈ ಮುಂದೆ ಚಾಚಿದ್ದಳು. ಆಣೆ ಯಾಕೆ ಇಡುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಈ ದೇಶದ ಯಾವ ಆಸ್ಪತ್ರೆಗೆ ಹೋಗಿ, ಐರನ್ ನುಂಗಿದರೂ ರಕ್ತ ಏರಿಲ್ಲ ಅಂದರೆ ಬರುವ ಮೊದಲ ಮಾತು, ನೀನು ಮಾತ್ರೆ ಬಿಸಾಕಿದ್ದೀಯ ಅನ್ನುವುದೇ. ನಾನು ಆ ಮಾತು ಆಡಲಿಲ್ಲ. ಆಡದಿರುವ ಪಾಠವನ್ನು ನಾನು ಮಡಕಶಿರಾದಲ್ಲೇ ಕಲಿತಿದ್ದೆ.

ಅಲ್ಲಿ ನನ್ನ ಮೇಲಿನವರು ನರಸಿಂಹಪ್ಪ ಡಾಕ್ಟರು. ಕೋಪ ಮೂಗಿನ ತುದಿಯಲ್ಲಿ, ಆದರೆ ಮನಸ್ಸು ಬೆಣ್ಣೆ. ಆ ಕಾಲದಲ್ಲಿ ರಕ್ತ ಅಳೆಯಲು ಮಿಷನ್ನು ಗಿಷನ್ನು ಏನೂ ಇರಲಿಲ್ಲ. ಬೆರಳು ಚುಚ್ಚಿ, ಗಾಜಿನ ಸಣ್ಣ ನಳಿಕೆಯಲ್ಲಿ ರಕ್ತಕ್ಕೆ ಆಮ್ಲ ಬೆರೆಸಿ, ಪಕ್ಕದಲ್ಲಿಟ್ಟ ಕಂದು ಗಾಜಿನ ಬಣ್ಣಕ್ಕೆ ಹೊಂದುವವರೆಗೆ ತೊಟ್ಟು ತೊಟ್ಟಾಗಿ ನೀರು ಬಿಡಬೇಕು. ಬೆಳಗಿನ ಬಿಸಿಲಿಗೆ ಒಂದು ಲೆಕ್ಕ, ಮೋಡ ಕವಿದರೆ ಇನ್ನೊಂದು. ನಾನು ಕಿಟಕಿಯ ಹತ್ತಿರ ನಳಿಕೆ ಎತ್ತಿ ಹಿಡಿದು ಕಣ್ಣು ಕಿರಿದು ಮಾಡಿಕೊಂಡು ನಿಂತರೆ, ಅವರು ಹಿಂದಿನಿಂದ, “ಆ ಗಾಜ್ ನೋಡಿದ್ದು ಸಾಕು ಕಣಮ್ಮ, ಸ್ವಲ್ಪ ಮನುಷ್ಯನ್ನೂ ನೋಡು” ಎಂದು ಗದರುತ್ತಿದ್ದರು.

ಹೀಗೆ ಗದರುವ ಅವರೇ ಒಮ್ಮೆ ಎಡವಿದರು. ಮಂಜುನಾಥ ಅಂತ ಒಬ್ಬ ಹುಡುಗ. ಪೊಲೀಸ್ ಕೆಲಸಕ್ಕೆ ಸೇರಬೇಕೆಂದು ಬೆಳಗಾದರೆ ಓಡಿ ಓಡಿ ಅಭ್ಯಾಸ ಮಾಡುತ್ತಿದ್ದವನು, ಈಗ ಮೆಟ್ಟಿಲು ಹತ್ತಿದರೂ ಏದುಸಿರು ಬಿಡುತ್ತಿದ್ದ. ಐರನ್ ನುಂಗಿ ನುಂಗಿ ಸಾಕಾಗಿತ್ತು. ನರಸಿಂಹಪ್ಪನವರು ಎಲ್ಲರ ಮುಂದೆ, “ಮಾತ್ರೆ ತಿಪ್ಪೆಗೆ ಹಾಕಿ ನನ್ ಮುಂದೆ ನಾಟ್ಕ ಆಡ್ತೀಯೇನೋ!” ಎಂದು ಕೂಗಾಡಿದರು. ಹುಡುಗನ ಕಣ್ಣಲ್ಲಿ ನೀರು. ಅವನ ತಾಯಿ ಮಾತ್ರ ಮೆತ್ತಗೆ ಅಂದಳು, “ಅವ್ನು ಸುಳ್ಳು ಹೇಳಾನಲ್ಲ ಕಣ್ ಸ್ವಾಮಿ. ಈಚೀಚ್ಗೆ ಚಪ್ಪಲಿ ಎಲ್ಲೋ ಬಿಟ್ಟೋಯ್ತದೆ. ಕಾಲಿಂದ ಬಿಟ್ಟೋಗಿದ್ದೇ ಅವ್ನಿಗೆ ಗೊತ್ತಾಗಕಿಲ್ಲ.”

ನರಸಿಂಹಪ್ಪನವರು ಬೈಯುವುದು ಬಿಟ್ಟು ಹುಡುಗನ ಹತ್ತಿರ ಬಂದರು. ನಾಲಿಗೆ ತೋರಿಸು ಅಂದರು. ನಾಲಿಗೆ ದನದ ಮಾಂಸದಂತೆ ಕೆಂಪಗೆ, ಕನ್ನಡಿಯಂತೆ ನುಣ್ಣಗೆ. ಕಣ್ಣು ಮುಚ್ಚಿಸಿ ಕಾಲಿನ ಹೆಬ್ಬೆರಳನ್ನು ಮೇಲೆ ಕೆಳಗೆ ಆಡಿಸಿ, ಯಾವ ಕಡೆ ಅಂತ ಕೇಳಿದರೆ ಅವನಿಗೆ ತಿಳಿಯುತ್ತಿಲ್ಲ. ಅವನ ಜಠರದ ಒಳಪೊರೆಯನ್ನು ಅವನ ದೇಹವೇ ಶತ್ರು ಎಂದು ತಿಳಿದು ತಿಂದುಹಾಕುತ್ತಿತ್ತು. ಒಳಪೊರೆ ಹಾಳಾದರೆ ತಿಂದ ಕಬ್ಬಿಣವೂ ಹತ್ತುವುದಿಲ್ಲ, ಬಿ-ಹನ್ನೆರಡು ಅನ್ನುವ ವಿಟಮಿನ್ನೂ ಹತ್ತುವುದಿಲ್ಲ. ಅದು ಹತ್ತದಿದ್ದರೆ ರಕ್ತವೂ ಇಳಿಯುತ್ತದೆ, ನರವೂ ಸಾಯುತ್ತದೆ. ಮುದುಕರಿಗೆ ಬರುವ ರೋಗವೆಂದು ನಾವು ಓದಿದ್ದೆವು, ಎಳೆಯರಲ್ಲಿ ಅಪರೂಪ. ಅಪರೂಪ ಅಂದರೆ ಇಲ್ಲವೇ ಇಲ್ಲ ಅಂತಲ್ಲ ನೋಡಿ. ಬಾಯಿಂದ ಕೊಟ್ಟಿದ್ದೆಲ್ಲ ವ್ಯರ್ಥವೆಂದು ಇಂಜೆಕ್ಷನ್ ಶುರುಮಾಡಿದರು. ಹುಡುಗ ಚೇತರಿಸಿಕೊಂಡ. ನರಸಿಂಹಪ್ಪನವರು ಅವನನ್ನು ಕರೆಸಿ, ಮತ್ತೆ ಎಲ್ಲರ ಮುಂದೆಯೇ, “ತಪ್ಪಾಯ್ತು ಕಣೋ ಮಂಜ. ಬೈದಿದ್ದು ಎಲ್ರ ಮುಂದೆ, ಕ್ಷಮೆ ಕೇಳೋದೂ ಎಲ್ರ ಮುಂದೇನೇ ಆಗ್ಬೇಕು” ಅಂದರು. ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ರಾಯದುರ್ಗಕ್ಕೆ ಬಂದ ಮೇಲೆ, ಕಬ್ಬಿಣದ ಅದಿರು ಅಗೆಯುವ ಓಬಳಾಪುರದ ಕಡೆಯ ಒಬ್ಬಾಕೆ ನನಗೆ ಇನ್ನೊಂದು ಪಾಠ ಕಲಿಸಿದಳು. ಲಾರಿ ಡ್ರೈವರನ ಹೆಂಡತಿ, ಎಳೆಯ ಪ್ರಾಯ. ಮೈಯಲ್ಲಿ ಕಬ್ಬಿಣ ಕಮ್ಮಿಯಾಗಿದೆ ಎಂದು ನಾನು ಹೇಳಿ ಕಳಿಸಿದ್ದೆ. ಮತ್ತೆ ಬಂದಾಗ ಅವಳ ಹಲ್ಲಿನ ಸಂದಿಯಲ್ಲೆಲ್ಲ ಕೆಂಪು ಮಣ್ಣು. ಇದೇನೇ ಎಂದರೆ ನಾಚಿಕೊಂಡು, “ನೀವ ಹೇಳಿದ್ರಲ್ರಿ ಅಮ್ಮಾರ, ಕಬ್ಬಿಣ ಕಮ್ಮಿ ಆಗೈತಂತ. ನಮ್ಮೂರ ಮಣ್ಣು ತುಂಬ ಅದಾ ಐತ್ರಿ. ಲಾರಿ ಲಾರಿ ಹೊತ್ತುಕೊಂಡು ಹೋಗ್ತಾರ, ನಾ ಒಂದ್ ಚಿಟಿಕಿ ತಿಂದ್ರ ಏನ್ ಕಮ್ಮಿ ಆಗತೈತ್ರಿ?” ಅಂದಳು. ನಕ್ಕು ನಕ್ಕು ನನಗೆ ಹೊಟ್ಟೆ ಹುಣ್ಣಾಯಿತು. ಆಮೇಲೆ ಕೂರಿಸಿಕೊಂಡು ವಿಚಾರಿಸಿದರೆ, ನಾನು ಕಬ್ಬಿಣದ ಮಾತೆತ್ತುವುದಕ್ಕೆ ಎಷ್ಟೋ ಮೊದಲಿನಿಂದಲೇ ಅವಳಿಗೆ ಆ ಚಟ. ಮಣ್ಣಿಗೆ ನೀರು ಬಿದ್ದ ವಾಸನೆಗೇ ಬಾಯಲ್ಲಿ ನೀರೂರುತ್ತಿತ್ತಂತೆ. ರಕ್ತ ಇಳಿದ ಮೈ ಹೀಗೆ ಏನೇನನ್ನೋ ಬೇಡುತ್ತದೆ. ಕೆಲವರಿಗೆ ಮಣ್ಣು, ಕೆಲವರಿಗೆ ಬಳಪ, ಕೆಲವರಿಗೆ ಹಸಿ ಅಕ್ಕಿ. ಬಾಯಿಬಿಟ್ಟು ಹೇಳುವುದಿಲ್ಲ, ನಾಚಿಕೆ. ಆ ಮಣ್ಣಿನ ಕಬ್ಬಿಣ ಮೈಗೆ ಹತ್ತುವುದಿಲ್ಲ, ಹತ್ತುವ ಕಬ್ಬಿಣಕ್ಕೂ ಅದು ಅಡ್ಡ ಬರುತ್ತದೆ ಎಂದು ಅವಳಿಗೆ ತಿಳಿಹೇಳುವಷ್ಟರಲ್ಲಿ ನನ್ನ ಗಂಟಲು ಒಣಗಿತು.

ಪಾರ್ವತಿಯನ್ನೂ ಹಾಗೆಯೇ ಕೇಳಿದೆ. ಏನು ತಿಂತೀಯ? “ಅನ್ನ, ಮುದ್ದಿ, ಪಲ್ಯ, ಎಲ್ಲಾರಂಗರಿ.” ಮಣ್ಣು? “ಇಲ್ಲಪ್ಪಾ!” ಬಳಪ? “ಛೀ, ಇಲ್ರಿ.” ಸುಳ್ಳು ಹೇಳುವ ಕಣ್ಣಲ್ಲ ಅವು. ಮಲ ಕಪ್ಪಗೆ ಹೋಗುತ್ತದೆಯೇ ಅಂದರೆ ಹೌದು ಅಂದಳು, ಆದರೆ ಐರನ್ ನುಂಗುವವರಿಗೆಲ್ಲ ಕಪ್ಪಗೇ ಹೋಗುತ್ತದೆ. ಒಳಗೆ ಎಲ್ಲಾದರೂ ರಕ್ತ ಜಿನುಗುತ್ತಿದ್ದರೂ ಮಲ ಕಪ್ಪೇ. ಯಾವ ಕಪ್ಪು ಯಾವುದರದ್ದು ಅಂತ ಹೊರಗಿನಿಂದ ಹೇಳುವುದು ಹೇಗೆ? ಇದನ್ನು ಹೊಸಬರು ಚೆನ್ನಾಗಿ ನೆನಪಿಡಬೇಕು.

“ಎಲ್ಡು ತುತ್ತಿಗೇ ಹೊಟ್ಟಿ ತುಂಬಿಬಿಡತೈತ್ರಿ” ಎಂದು ಹೊರಡುವಾಗ ಅಂದಳು ಪಾರ್ವತಿ. ಮತ್ತೆ ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದೆ. ಎಡಗಡೆ ಪಕ್ಕೆಲುಬಿನ ಕೆಳಗೆ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ಒತ್ತಿದರೆ ಜರುಗುತ್ತದೆ, ನೋವಿಲ್ಲ. ಆಗ ನಾನಿದ್ದ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಇರಲಿಲ್ಲ. ಊರೊಳಗಿನ ಒಂದು ಖಾಸಗಿ ಸೆಂಟರಿಗೆ ಕಳಿಸಿ, ಮಧ್ಯಾಹ್ನ ಊಟಕ್ಕೆ ಹೋಗುವ ದಾರಿಯಲ್ಲಿ ನಾನೇ ಅಲ್ಲಿಗೆ ಹೋದೆ.

ಅಲ್ಲಿನ ಸ್ಕ್ಯಾನಿಂಗ್ ಡಾಕ್ಟರು ಪ್ರಸಾದ್. ಗೋದಾವರಿ ಕಡೆಯ ಹುಡುಗ, ಬಂದು ಹೆಚ್ಚು ದಿನವಾಗಿರಲಿಲ್ಲ. ಒಳ್ಳೆಯವನು, ಆದರೆ ಗಂಟಲು ಮೈಕಿನಂಥದ್ದು. ಕಾರಿಡಾರಿನ ಬೆಂಚಿನ ತುಂಬ ಜನ ಕೂತಿದ್ದಾರೆ. ನನ್ನನ್ನು ಕಂಡದ್ದೇ ಬಾಗಿಲಿಗೆ ಬಂದು, “ಮೇಡಂ, ಪಿಲ್ಲ ಕಡುಪುಲೋ ಏದೋ ಉಂದಿ!” ಎಂದು ಕೂಗಿಬಿಟ್ಟ.

ತೆಲುಗು ಬಾರದವರಿಗೆ ಹೇಳುತ್ತೇನೆ. ಪಿಲ್ಲ ಅಂದರೆ ಹುಡುಗಿ, ಕಡುಪು ಅಂದರೆ ಹೊಟ್ಟೆ. ಹುಡುಗಿಯ ಹೊಟ್ಟೆಯಲ್ಲಿ ಏನೋ ಇದೆ ಅಂದ, ಅಷ್ಟೇ. ಆದರೆ ಪಿಲ್ಲ ಅಂದರೆ ಮಗುವೂ ಹೌದು, ಕಡುಪು ಅಂದರೆ ಬಸುರೂ ಹೌದು. ಆಂಧ್ರದ ಗಡಿಯ ನಮ್ಮ ಊರುಗಳಲ್ಲಿ ಎರಡು ಭಾಷೆಯೂ ಎಲ್ಲರ ಬಾಯಲ್ಲಿ ಓಡಾಡುತ್ತವಲ್ಲ, ಕಿವಿಗೆ ಬಿದ್ದದ್ದು ಯಾವ ಭಾಷೆಯಲ್ಲಿ ಯಾವ ಅರ್ಥಕ್ಕೆ ತಿರುಗುತ್ತದೋ ದೇವರೇ ಬಲ್ಲ. ಬೆಂಚಿನ ಮೇಲೆ ಪಾರ್ವತಿಯ ಯೂನಿಟ್ಟಿನ ಹೆಂಗಸೊಬ್ಬಳು ಕೂತಿದ್ದಳು. ಆ ಮಾತು ಅವಳ ಜೊತೆ ಯೂನಿಟ್ಟಿಗೆ ಹೋಯಿತು. ಸಂಜೆಯ ಹೊತ್ತಿಗೆ ‘ಪಿಲ್ಲ ಕಡುಪುಲೋ ಏದೋ ಉಂದಿ’ ಅನ್ನುವುದು ಹಿಂದುಮುಂದಾಗಿ ‘ಕಡುಪುಲೋ ಪಿಲ್ಲ ಉಂದಿ’ ಆಗಿತ್ತು. ಹೊಟ್ಟೆಯಲ್ಲಿ ಮಗು ಇದೆ!

ನಾನು ಪ್ರಸಾದನಿಗೆ ಅಲ್ಲೇ ಬಾಗಿಲು ಹಾಕಿಕೊಂಡು ಬೈದೆ. “ಸ್ಟಮಕ್ ಅನ್ನು, ಜೀರ್ಣಕೋಶ ಅನ್ನು, ಏನು ಬೇಕಾದರೂ ಅನ್ನು ಮಾರಾಯ. ಮದುವೆಯಾಗದ ಹುಡುಗಿಯ ವಿಷಯದಲ್ಲಿ ಕಡುಪು ಅಂತ ಕೂಗ್ತಾರೇನೋ?” ಪಾಪ, ಅವನ ಮುಖ ಬಾಡಿಹೋಯಿತು. ಜಠರದೊಳಗೆ ಬಿಳಿ ಕಮಾನಿನಂಥ ಗೆರೆ, ಹಿಂದೆಲ್ಲ ಕಪ್ಪು ನೆರಳು, ಗಡ್ಡೆಯೋ ಅರಗದ ಊಟವೋ ಹೇಳಲಾಗದು, ಗರ್ಭಕೋಶ ಖಾಲಿ ಎಂದು ಅವನು ಸರಿಯಾಗಿಯೇ ನೋಡಿದ್ದ. ಆದರೆ ಗರ್ಭಕೋಶ ಖಾಲಿ ಅನ್ನುವುದನ್ನು ಅವನು ಕೂಗಿರಲಿಲ್ಲವಲ್ಲ.

ಕೆಲವೇ ದಿನದಲ್ಲಿ ಹನುಮಕ್ಕ ಮಗಳನ್ನು ಎಳೆದುಕೊಂಡು ಬಂದಳು. ಅತ್ತು ಅತ್ತು ಇಬ್ಬರ ಕಣ್ಣೂ ಊದಿದ್ದವು. ಪಾರ್ವತಿಗೆ ಅದೇ ಯೂನಿಟ್ಟಿನ ಸೂಪರ್‌ವೈಸರ್ ನಾಗರತ್ನಮ್ಮನ ಮಗನೊಂದಿಗೆ ಮದುವೆ ಗೊತ್ತಾಗಿತ್ತು. ನಾಗರತ್ನಮ್ಮ ಗಂಡ ಸತ್ತ ಮೇಲೆ ಹೊಲಿಗೆ ಮಿಷನ್ನಿನ ಮುಂದೆ ಕೂತು ಮಗನನ್ನು ದೊಡ್ಡವನನ್ನಾಗಿ ಮಾಡಿದ ಹೆಂಗಸು. ಬಾಯಿ ಜೋರು. ಕೈ ಚುರುಕಿನ ಹುಡುಗಿ ಎಂದು ತಾನೇ ಮೆಚ್ಚಿ, ತಾನೇ ಮನೆಗೆ ಹೋಗಿ ಕೇಳಿ ಒಪ್ಪಿಸಿದ್ದಳು. ಈಗ ತಾನೇ ಬಂದು, ಕೊಟ್ಟ ಸೀರೆ ವಾಪಸ್ಸು ಕೇಳಿಕೊಂಡು ಹೋಗಿದ್ದಳು.

“ಬಸುರಿಲ್ಲ ಅಂತ ಒಂದ್ ಚೀಟಿ ಬರಕೊಡ್ರಿ ಅಮ್ಮಾರ. ಆಕಿ ಮಾರಿಗೆ ಹಿಡೀತೀನಿ” ಅಂದಳು ಹನುಮಕ್ಕ.

“ಬ್ಯಾಡ್ರಿ” ಅಂದಳು ಪಾರ್ವತಿ. ಅಷ್ಟು ದಿನ ಮೆತ್ತಗಿದ್ದ ಹುಡುಗಿಯ ದನಿ ಅವತ್ತು ಗಟ್ಟಿಯಾಗಿತ್ತು. “ನಾ ಏನೂ ಮಾಡಿಲ್ಲಂದಮ್ಯಾಲೆ ಚೀಟಿ ಯಾಕ ಒಯ್ಯಲಿ? ನಿಶ್ಚೆ ಆದಾಗಿಂದ ಬಾಯ್ತುಂಬ ಅತ್ತಿ ಅಂತಿದ್ದೆ. ಇನ್ನ ನಾಗರತ್ನಮ್ಮ ಅಂತೀನಿ, ಅಷ್ಟ.”

ನೀರು ಕುಡಿ ಎಂದು ಲೋಟ ಕೊಟ್ಟೆ. ಕುಡಿದು ಲೋಟ ಇಡುವಾಗ ಅವಳ ಕಣ್ಣು ನನ್ನ ಬಿಳಿ ಕೋಟಿನ ಮೇಲೆ ಬಿತ್ತು. “ಗುಂಡಿ ದಾರ ಬಿಚ್ಚೇತಿ ನೋಡ್ರಿ ಅಮ್ಮಾರ” ಅಂದವಳೇ, ನಾನು ಹೂಂ ಅನ್ನುವುದರೊಳಗೆ ಬಾಗಿ, ಜೋತಾಡುತ್ತಿದ್ದ ದಾರವನ್ನು ಹಲ್ಲಿನಿಂದ ಕಟಕ್ಕನೆ ಕಡಿದು, ಗುಂಡಿಯನ್ನು ಹೆಬ್ಬೆರಳಿನಿಂದ ಸವರಿ ನೆಟ್ಟಗಾಗಿ ಕೂತಳು. ಅಷ್ಟು ದುಃಖದಲ್ಲೂ ಕೈ ತನ್ನ ಪಾಡಿಗೆ ಕೆಲಸ ಮಾಡಿತ್ತು.

ನಾನು ಕಾದೆ. ಅವಳು ಉಗುಳಲಿಲ್ಲ. ಬೆರಳಿನಿಂದ ತೆಗೆಯಲೂ ಇಲ್ಲ.

“ದಾರ ಎಲ್ಲಿ?” ಅಂದೆ.

“ಯಾವ ದಾರ್ರಿ?”

“ಈಗ ಕಡಿದೆಯಲ್ಲ, ಆ ದಾರ.”

ಅವಳು ನಾಲಿಗೆಯಿಂದ ಬಾಯೊಳಗೆಲ್ಲ ಹುಡುಕಿದಳು. “ಹೋತು ನೋಡ್ರಿ” ಎಂದು ತಾನೇ ಬೆರಗಾಗಿ ನನ್ನ ಮುಖ ನೋಡಿದಳು.

ಆಗ ಒಂದೊಂದಾಗಿ ಹೊರಗೆ ಬಂತು. ಯೂನಿಟ್ಟಿನಲ್ಲಿ ಕೂಲಿ ಪೀಸಿನ ಲೆಕ್ಕ. ಕತ್ತರಿ ಎತ್ತಿ ಇಳಿಸುವುದರೊಳಗೆ ಹಲ್ಲು ಮುಗಿಸಿಬಿಡುತ್ತದೆ. ಉಗುಳಿದರೆ ಒದ್ದೆ ದಾರ ಬಟ್ಟೆಗೆ ಅಂಟಿ ಬೈಗುಳ. ಹಾಗಾಗಿ ನುಂಗುವುದು. ಮೊದಮೊದಲು ಗೊತ್ತಾಗುತ್ತಿತ್ತು, ಆಮೇಲೆ ಅದೇ ರುಚಿಯಾಯಿತು. “ರಜಾ ದಿನ ಬಾಯಿ ಚಪ್ಪಗ ಅನಿಸತೈತ್ರಿ. ಮನ್ಯಾಗ ದಾರ ಹುಡುಕ್ತೀನ್ರಿ” ಅಂದಳು ತಲೆ ತಗ್ಗಿಸಿ. ಏನು ತಿಂತೀಯ ಅಂದಾಗ ಅವಳು ಸುಳ್ಳು ಹೇಳಿರಲಿಲ್ಲ. ದಾರ ತಿನ್ನುವ ಪದಾರ್ಥವೇ ಅಲ್ಲವಲ್ಲ, ಹೇಳುವುದಕ್ಕೆ! ಅವತ್ತಿನಿಂದ ನಾನು ಆ ಪ್ರಶ್ನೆ ಬಿಟ್ಟೆ. ನಿನ್ನ ಬಾಯಿಗೆ ದಿನಾ ಏನೇನು ಹೋಗುತ್ತದೆ ಎಂದು ಕೇಳತೊಡಗಿದೆ. ಹೊಸದಾಗಿ ಡಾಕ್ಟರಾದ ಮಕ್ಕಳೇ, ನೀವೂ ಹಾಗೇ ಕೇಳಿ.

ತಮ್ಮ ಕೂದಲು ತಾವೇ ನುಂಗಿ ಜಠರದಲ್ಲಿ ಉಂಡೆ ಕಟ್ಟಿಸಿಕೊಳ್ಳುವ ಹುಡುಗಿಯರ ವಿಷಯ ನಾನು ಓದಿದ್ದೆ. ದಾರವೂ ಹಾಗೆಯೇ, ಕರಗುವುದಿಲ್ಲ, ಒಂದಕ್ಕೊಂದು ಸುತ್ತಿಕೊಂಡು ಬೆಳೆಯುತ್ತದೆ. ಬೆಳೆದ ಉಂಡೆ ಒಳಪೊರೆಗೆ ಉಜ್ಜಿ ಹುಣ್ಣು ಮಾಡುತ್ತದೆ. ಹುಣ್ಣು ಜಿನುಗಿ ಜಿನುಗಿ ರಕ್ತ ಇಳಿಯುತ್ತದೆ. ರಕ್ತ ಇಳಿದಷ್ಟೂ ಬಾಯಿ ದಾರ ಬೇಡುತ್ತದೆ. ನಾವು ಮೇಲಿನಿಂದ ಕಬ್ಬಿಣ ಸುರಿಯುತ್ತಿದ್ದೆವು, ಕೆಳಗಿನಿಂದ ಸೋರುತ್ತಿತ್ತು. ಬಳ್ಳಾರಿಗೆ ಕಳಿಸಿ ಬಾಯಿಂದ ಕೊಳವೆ ಇಳಿಸಿ ನೋಡಿಸಿದಾಗ ನನ್ನ ಊಹೆ ನಿಜವಾಯಿತು. ಕೊಳವೆಯಿಂದ ಎಳೆದು ತೆಗೆಯುವಷ್ಟು ಸಣ್ಣದಾಗಿರಲಿಲ್ಲ, ಹೊಟ್ಟೆ ಕೊಯ್ದೇ ತೆಗೆಯಬೇಕು ಅಂದರು ಅಲ್ಲಿನ ಸರ್ಜನ್. ಬಿಟ್ಟರೆ ಒಂದು ದಿನ ಜಠರ ತೂತಾಗಬಹುದು, ಆಗ ಜೀವಕ್ಕೇ ಕುತ್ತು.

ಹನುಮಕ್ಕ ನೆಲಕ್ಕೆ ಕುಸಿದು ಕೂತಳು. “ಹೊಟ್ಟಿ ಕೊಯ್ಸಿದ್ರ ಮುಗೀತ್ರಿ ಅಮ್ಮಾರ. ನಾಳೆ ಗಾಯ ನೋಡಿದೋರು ಏನಂತಾರ? ಬಳ್ಳಾರಿಗೆ ಹೋಗಿ ತೆಗಿಸ್ಕ್ಯಂಡು ಬಂದ್ಲು ಅಂತಾರ. ಇವತ್ತು ಬರೇ ಮಾತೈತಿ, ನಾಳೆ ಗುರ್ತು ಇರತೈತಿ. ನನ್ ಮಗಳನ್ನ ಯಾರ ಮಾಡ್ಕ್ಯಂತಾರ?”

ನನಗೆ ಸಿಟ್ಟು ನೆತ್ತಿಗೇರಿತು. “ಮಗಳು ಇದ್ದರಲ್ಲವೇ ಮದುವೆ?” ಎಂದು ಕೂಗಿದೆ. ಕೂಗಿದ ಮೇಲೆ ಅನ್ನಿಸಿತು, ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ? ಈ ಊರು ಹಾಗೇ ಅನ್ನುತ್ತದೆ. ಹುಡುಗಿಯ ಜೀವ ಉಳಿಸುವ ಗಾಯವೇ ಅವಳ ಮಾನ ಕಳೆಯುವ ಸಾಕ್ಷಿಯಾಗಿಬಿಡುತ್ತದೆ. ಅದಕ್ಕೆ ನನ್ನ ಹತ್ತಿರ ಯಾವ ಔಷಧಿಯೂ ಇರಲಿಲ್ಲ.

ಮಾತಾಡಿದವಳು ಪಾರ್ವತಿ. “ಕೊಯ್ಯಾಕ ಹೇಳ್ರಿ ಅಮ್ಮಾರ. ಆದ್ರ ಒಳಗಿಂದ ಏನ್ ತಗೀತಾರೋ ಅದನ್ನ ಒಗೀಬ್ಯಾಡ್ರಿ ಅನ್ರಿ. ನನಗ ಕೊಡಬೇಕು. ಅದು ನಂದು.”

ಮೊದಲು ರಕ್ತ ಹಾಕಿಸಿ, ಮೈಗೆ ಸ್ವಲ್ಪ ಬಲ ಬಂದ ಮೇಲೆ ಆಪರೇಷನ್ ಆಯಿತು. ಸರ್ಜನ್ ನನಗೆ ಫೋನು ಮಾಡಿ, “ಮೇಡಂ, ಇಂಥದ್ದನ್ನ ನಾನು ನೋಡಿದ್ದಿಲ್ಲ” ಅಂದರು. ಜೀನ್ಸ್ ಹೊಲಿಯುವ ಆ ಕಂದುಹಳದಿ ದಾರ, ನಡುನಡುವೆ ಬಟ್ಟೆಯ ನೀಲಿ ಎಳೆ, ಎಲ್ಲ ಹೆಣೆದುಕೊಂಡು ಜಠರದ ಅಚ್ಚಿನಲ್ಲೇ ಬಾಗಿದ ಒಂದು ಉಂಡೆ. ಒಳಗೆ ಹುಣ್ಣೂ ಇತ್ತು. ಹುಡುಗಿಯ ಮಾತು ಅವರಿಗೆ ತಲುಪಿಸಿದ್ದೆ. ಅವರು ಒಂದು ಗಾಜಿನ ಜಾಡಿಯಲ್ಲಿ ಔಷಧಿ ನೀರು ಹಾಕಿ, ಉಂಡೆ ಮುಳುಗಿಸಿ, ಮುಚ್ಚಳ ಬಿಗಿದು ಕೊಟ್ಟರು.

ಹೊಲಿಗೆ ಬಿಚ್ಚಿಸಿ ಊರಿಗೆ ಬಂದ ಪಾರ್ವತಿ ಮನೆಯಲ್ಲಿ ಕೂರಲಿಲ್ಲ. ಮುಂದೆ ನಡೆದದ್ದನ್ನು ನನಗೆ ಹೇಳಿದವಳು ಹನುಮಕ್ಕ. ಜಾಡಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ನೇರ ಯೂನಿಟ್ಟಿಗೆ ಹೋದಳಂತೆ. ಮಧ್ಯಾಹ್ನ ಊಟದ ಹೊತ್ತು. ಕಟ್ಟಿಂಗ್ ಟೇಬಲ್ಲಿನ ಮೇಲೆ ಜಾಡಿ ಇಟ್ಟು, “ನನ್ ಕಡುಪಿನಾಗ ಇದ್ದದ್ದು ಇದು. ನೋಡ್ರಿ, ಯಾರ ಹೋಲಿಕಿ ಐತಂತ” ಅಂದಳಂತೆ. ಆ ದಾರ ಯಾರಿಗೆ ಗೊತ್ತಿಲ್ಲ? ದಿನಾ ಅದೇ ದಾರ, ಅವರೆಲ್ಲರ ಬಾಯಲ್ಲೂ. ಒಬ್ಬಾಕೆ ಎದ್ದು ಹೊರಗೆ ಹೋಗಿ ಥೂ ಥೂ ಎಂದು ಉಗುಳಿ ಬಂದಳಂತೆ. ನಾಗರತ್ನಮ್ಮ ಜಾಡಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ ಕೆಳಗಿಟ್ಟಳಂತೆ.

ಇದಾಗಿ ಒಂದು ಸೋಮವಾರ. ಸೋಮವಾರ ಅಂದರೆ ನಮ್ಮಲ್ಲಿ ಹೊರರೋಗಿಗಳ ಜಾತ್ರೆ. ಸಾಲು ಬಾಗಿಲು ದಾಟಿ ವರಾಂಡದವರೆಗೆ. ಪಾರ್ವತಿ ಗಾಯ ತೋರಿಸಲು ಬಂದು ನನ್ನ ಮೇಜಿನ ಪಕ್ಕದಲ್ಲಿ ನಿಂತಿದ್ದಳು. ಮುಖಕ್ಕೆ ಅಷ್ಟಿಷ್ಟು ಬಣ್ಣ ಬಂದಿತ್ತು. ಅಷ್ಟರಲ್ಲಿ ಸಾಲನ್ನೆಲ್ಲ ಸರಿಸಿಕೊಂಡು ಒಬ್ಬ ಹೆಂಗಸು ಮುಂದೆ ಬಂದಳು. ಪಾರ್ವತಿ ಸೆಟೆದು ನಿಂತದ್ದು ನೋಡಿಯೇ ಇವಳು ನಾಗರತ್ನಮ್ಮ ಎಂದು ನನಗೆ ತಿಳಿಯಿತು. ಜಗಳಕ್ಕೆ ಬಂದಳು ಅಂದುಕೊಂಡೆ. ಬೈದು ಕಳಿಸಲು ಬಾಯಿ ಸಿದ್ಧ ಮಾಡಿಕೊಂಡೆ.

ಅವಳು ನನ್ನ ಮುಂದಿನ ಸ್ಟೂಲಿನ ಮೇಲೆ ಕೂತಳು. ಆದರೆ ಮಾತಾಡುವಾಗ ಸಾಲಿನ ಕಡೆ ತಿರುಗಿಕೊಂಡಳು. ವರಾಂಡದ ಕೊನೆಯವರೆಗೂ ಕೇಳುವ ದನಿಯಲ್ಲಿ ಅಂದಳು:

“ಅಮ್ಮಾರ, ನನ್ ಕಡುಪಿನಾಗೂ ಏನೋ ಐತಂತ ಅನಸಾಕತ್ತೈತಿ. ಗಂಡ ಸತ್ತು ಎಷ್ಟೋ ವರ್ಷ ಆತು. ನೋಡಿ ಹೇಳ್ರಿ, ಪಿಲ್ಲನೋ ದಾರೋ ಅಂತ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ವರಾಂಡದ ತುದಿಗೆ ಹೋಗಿ ತಿರುಗಿ ಬಂತು. ನಗದೆ ಇದ್ದವಳು ನಾಗರತ್ನಮ್ಮ ಒಬ್ಬಳೇ. ಅವಳು ಪಾರ್ವತಿಯನ್ನೇ ನೋಡುತ್ತಿದ್ದಳು. ಬೈದದ್ದು ಎಲ್ಲರ ಮುಂದೆ, ಕೇಳುವುದೂ ಎಲ್ಲರ ಮುಂದೆ ಎಂದ ನನ್ನ ನರಸಿಂಹಪ್ಪನವರು ಅಲ್ಲಿ ಇರಬೇಕಿತ್ತು ಅನ್ನಿಸಿ ನನ್ನ ಕಣ್ಣು ಒದ್ದೆಯಾಯಿತು.

ಅವಳ ರೆಪ್ಪೆ ಎಳೆದು ನೋಡಿದೆ. ತಮಾಷೆಯ ಮಾತಾಗಿರಲಿಲ್ಲ, ನಿಜಕ್ಕೂ ಬಿಳಿಚಿತ್ತು. ಬಾಯಿ ತೆರೆಸಿದೆ. ಮುಂದಿನ ಹಲ್ಲಿನ ಅಂಚಿನಲ್ಲಿ ದಾರ ಕಡಿದು ಕಡಿದು ಒಂದು ಸಣ್ಣ ಕಚ್ಚು ಬಿದ್ದಿತ್ತು. ಹೊಟ್ಟೆ ಮುಟ್ಟಿದರೆ ಗಟ್ಟಿಯಾದದ್ದೇನೂ ಸಿಗಲಿಲ್ಲ. ಆದರೂ ಸ್ಕ್ಯಾನಿಂಗಿಗೆ ಚೀಟಿ ಬರೆದೆ. “ಇನ್ನು ಮೇಲೆ ಒಂದು ಎಳೆಯೂ ಬಾಯಿಗೆ ಹೋಗಬಾರದು. ಯೂನಿಟ್ಟಿನಲ್ಲಿ ಎಲ್ಲರಿಗೂ ಇದೇ ಮಾತು, ನೀವೇ ಹೇಳಬೇಕು” ಅಂದೆ.

“ಹೇಳೀನ್ರಿ. ಟೇಬಲ್ಲಿಗೊಂದು ಕತ್ತರಿ ದಾರ ಕಟ್ಟಿ ಇಳಿಬಿಡಿಸೀನಿ” ಅಂದಳು. ದಾರ ಅನ್ನುವಾಗ ಅವಳಿಗೇ ಸ್ವಲ್ಪ ನಗು ಬಂತು.

ಚೀಟಿ ತೆಗೆದುಕೊಳ್ಳಲು ಅವಳು ಮುಂದೆ ಬಾಗಿದಳು. ನನ್ನ ಕೋಟಿನ ಗುಂಡಿ ಮತ್ತೆ ಸಡಿಲವಾಗಿತ್ತು. ನಾನು ಹೊಲಿಗೆ ಬಾರದ ಹೆಂಗಸು, ಹಾಗೇ ಬಿಟ್ಟಿದ್ದೆ. ಅಷ್ಟುದ್ದ ದಾರ ಜೋತಾಡುತ್ತಿತ್ತು. ನಾಗರತ್ನಮ್ಮನ ಕಣ್ಣು ಅದರ ಮೇಲೆ ಬಿತ್ತು. ಕಂಡದ್ದೇ ತಡ, ಅವಳಿಗೆ ತಿಳಿಯದೆಯೇ ಅವಳ ತಲೆ ಬಾಗಿತು, ತುಟಿ ತೆರೆಯಿತು.

ಪಕ್ಕದಿಂದ ಒಂದು ಕೈ ಅಡ್ಡ ಬಂತು. ಪಾರ್ವತಿಯ ಕೈ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಪುಟ್ಟ ಕತ್ತರಿ ಅದರಲ್ಲಿತ್ತು.

“ಕತ್ತರಿ ತಗೊಳ್ರಿ, ಅ‌ತ್ತಿ” ಅಂದಳು.